ಅತ್ತಿಗೆ ಎರಡನೇ ತಾರೀಖಿನವಳು

ಅತ್ತಿಗೆಯನ್ನು ಮಣ್ಣು ಮಾಡಿ ಬಂದ ಸಂಜೆ ಮನೆ ತುಂಬ ಜನ. ಒಬ್ಬೊಬ್ಬರಾಗಿ ಅವಳ ಬಗ್ಗೆ ಮಾತಾಡಿದರು. ಯಾರಿಗೂ ಒಂದು ಬಿರುಸು ಮಾತು ಆಡಿದವಳಲ್ಲ, ಒಂದು ದಿನ ಸಿಟ್ಟು ಮಾಡಿಕೊಂಡವಳಲ್ಲ, ತನಗೆ ಅಂತ ಏನೂ ಬಯಸಿದವಳಲ್ಲ. ಎಲ್ಲರೂ ಹೋದ ಮೇಲೆ ಅಣ್ಣ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದ. ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿ, "ಇವರೆಲ್ಲ ಯಾರ ಬಗ್ಗೆ ಮಾತಾಡ್ತಿದ್ರು?" ಎಂದು ಕೇಳಿದ. ಆ ಮೂರು ದಿನದಲ್ಲಿ ನಾವಿಬ್ಬರೂ ನಕ್ಕಿದ್ದು ಅದೊಂದೇ ಸಲ.

ನಂಬಿಕೆಯಲ್ಲಿ ಬದುಕಿದ ಒಬ್ಬರನ್ನು ನೆನೆಯುವುದು ಹೇಗೆ ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಆ ಸಂಜೆಯಿಂದಲೇ ಶುರು ಮಾಡಬೇಕು ಅನ್ನಿಸಿತು. ಯಾಕೆಂದರೆ ಆಮೇಲೆ ಒಂದು ವಾರ ನನಗೆ ಅತ್ತಿಗೆ ನೆನಪಾಗಲೇ ಇಲ್ಲ. ಜನ ಹೇಳಿದ ಆ ಇನ್ನೊಬ್ಬ ಹೆಂಗಸು ಅಡ್ಡ ಬಂದು ನಿಂತುಬಿಟ್ಟಿದ್ದಳು.

ನಾನು ಕ್ರೈಸ್ತಳಲ್ಲ. ಅಣ್ಣನೂ ಅಲ್ಲ. ಅತ್ತಿಗೆ ಕಥೋಲಿಕ ಕ್ರೈಸ್ತಳು. 28 ವರ್ಷ ನಮ್ಮ ಮನೆಯಿಂದ ಪ್ರತಿ ಭಾನುವಾರ ಅವಳೊಬ್ಬಳೇ ಚರ್ಚಿಗೆ ಹೋಗಿ ಬಂದಳು. ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಗೆ ಅವಳು ಸುಮ್ನೆ 'ಪೂಜೆ' ಎನ್ನುತ್ತಿದ್ದಳು. ನಾನೂ ಇಲ್ಲಿ ಹಾಗೇ ಹೇಳುತ್ತೇನೆ.

ಅತ್ತಿಗೆ, ನಾದಿನಿ ಅಂದ ಕೂಡಲೇ ನಿಮ್ಮ ಮುಖದ ಮೇಲೆ ಏನು ಬಂತು ಅಂತ ನನಗೆ ಇಲ್ಲಿಂದಲೇ ಕಾಣುತ್ತಿದೆ. ಮೊದಲ ಎರಡು ವರ್ಷ ನಾವೂ ಅದಕ್ಕೆ ಹೊರತಾಗಿರಲಿಲ್ಲ. "ಬನ್ನಿ ಅತ್ತಿಗೆ", "ಕೂತ್ಕೊಳ್ಳಿ ಅತ್ತಿಗೆ" ಅಂತ ಬಹುವಚನದ ಹಿಂದೆ ಇಬ್ಬರೂ ಬಚ್ಚಿಟ್ಟುಕೊಂಡಿದ್ದೆವು. ಅದು ಯಾವಾಗ 'ನೀನು' ಆಯಿತೋ ಗೊತ್ತಿಲ್ಲ. ನನಗಿಂತ ಆರು ವರ್ಷ ದೊಡ್ಡವಳು. ವೇದಿಕೆಯ ಮೇಲೆ 'ಅವರು' ಎನ್ನಬೇಕು. ಆದರೆ ಹಾಗಂದರೆ ನನಗೆ ಆ ಮೊದಲ ಎರಡು ವರ್ಷದ ಅತ್ತಿಗೆ ನೆನಪಾಗುತ್ತಾಳೆ. ಹಾಗಾಗಿ 'ಅವಳು' ಎಂದೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಅವಳಿಗೆ ಸಿಟ್ಟು ಜಾಸ್ತಿ. ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೆ ಮುಗಿಯಿತು, ಅವರ ಕಥೆ ಅಲ್ಲೇ. ಕೈಸಾಲ ಕೊಡುತ್ತಿದ್ದಳು, ಕೊಟ್ಟಿದ್ದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದೂ ಇಡುತ್ತಿದ್ದಳು. ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು, ಶ್ರುತಿಗೂ ಅವಳಿಗೂ ಸಂಬಂಧವಿರಲಿಲ್ಲ. ಒಂದು ಸಲ ಅವಳ ಜೊತೆ ಹೋಗಿದ್ದಾಗ ನಾನು ಹೊರಗೆ ಬಂದು ಹೇಳಿದೆ, ದೇವರಿಗೂ ಕಿವಿ ಇರುತ್ತೆ ಅಂತ. "ಕೊಟ್ಟಿದ್ದು ಅವನೇ ಅಲ್ವಾ ಈ ಗಂಟಲು, ಅನುಭವಿಸಲಿ" ಎಂದಳು.

ಈಗ ಆ ಚರ್ಚಿನ ಕ್ಯಾಲೆಂಡರಿನ ಬಗ್ಗೆ ಒಂದು ಮಾತು. ನವೆಂಬರ್ 1 ಸಕಲ ಸಂತರ ಹಬ್ಬ. ನವೆಂಬರ್ 2 ತೀರಿಕೊಂಡ ಎಲ್ಲ ವಿಶ್ವಾಸಿಗಳನ್ನು ನೆನೆಯುವ ದಿನ. ಒಂದರ ಪಕ್ಕ ಒಂದು. ಎರಡೂ ಸತ್ತವರ ದಿನವೇ, ಆದರೆ ಕೆಲಸ ಬೇರೆ ಬೇರೆ. ಮೊದಲ ದಿನ ಬದುಕಿರುವವರು ಸಂತರ ಹತ್ತಿರ, ನಮಗಾಗಿ ಪ್ರಾರ್ಥಿಸಿ ಎಂದು ಬೇಡುತ್ತಾರೆ. ಮರುದಿನ ಬದುಕಿರುವವರೇ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ. ದೇವರ ಸ್ನೇಹದಲ್ಲೇ ತೀರಿಕೊಂಡರೂ ಇನ್ನೂ ಪೂರ್ತಿ ಶುದ್ಧರಾಗದವರು ಇದ್ದಾರೆ, ಅವರಿಗೆ ನಮ್ಮ ಪ್ರಾರ್ಥನೆ ನೆರವಾಗುತ್ತದೆ ಅನ್ನುವುದು ಅಲ್ಲಿನ ನಂಬಿಕೆ. ಫ್ರಾನ್ಸಿನ ಕ್ಲೂನಿ ಎಂಬ ಮಠದ ಅಧಿಪತಿ ಓಡಿಲೋ 998ರ ಸುಮಾರಿಗೆ ತಮ್ಮ ಕೈಕೆಳಗಿನ ಮಠಗಳಿಗೆಲ್ಲ ಈ ಎರಡನೇ ತಾರೀಖನ್ನು ಗೊತ್ತು ಮಾಡಿದರು. ಅಲ್ಲಿಂದ ಅದು ಹರಡಿತು. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1915ರಲ್ಲಿ, ಪೋಪ್ 15ನೇ ಬೆನೆಡಿಕ್ಟ್ ಆ ಒಂದು ದಿನ ಪ್ರತಿ ಗುರುವೂ, ಅಂದರೆ ಪಾದ್ರಿಯೂ, ಮೂರು ಪೂಜೆ ಮಾಡಬಹುದು ಎಂದು ಅನುಮತಿ ಕೊಟ್ಟರು. ಅಷ್ಟು ಜನ ಸಾಯುತ್ತಿದ್ದರು.

ಈ ಎರಡು ತಾರೀಖುಗಳ ವಿಚಾರ ನನಗೆ ಹೇಳಿದ್ದು ಅತ್ತಿಗೆಯೇ. ಹೇಳಿ, "ನಾನಂತೂ ಎರಡನೇ ತಾರೀಖಿನವಳು. ನನ್ನ ಹತ್ತಿರ ಏನೂ ಬೇಡ್ಕೋಬೇಡ. ನನಗಾಗಿ ಬೇಡ್ಕೋ" ಎಂದಿದ್ದಳು. ಆಗ ತಮಾಷೆ ಅಂದುಕೊಂಡಿದ್ದೆ.

ಆ ಸಂಜೆ ನಮ್ಮ ಮನೆಯಲ್ಲಿ ನಡೆದಿದ್ದು ಇದೇ. ಅವಳನ್ನು ಎರಡನೇ ತಾರೀಖಿನಿಂದ ಎತ್ತಿ ಒಂದನೇ ತಾರೀಖಿಗೆ ಕೂರಿಸಿದರು. ಅದೂ ಮೂರೇ ದಿನದಲ್ಲಿ. ಕಥೋಲಿಕ ಧರ್ಮಸಭೆಗೆ ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಗೊತ್ತಾ? ಒಬ್ಬರನ್ನು ಸಂತರೆಂದು ಘೋಷಿಸುವ ವಿಚಾರಣೆ ಶುರುವಾಗಲಿಕ್ಕೇ ಸಾಮಾನ್ಯವಾಗಿ ಸತ್ತು ಐದು ವರ್ಷ ಆಗಿರಬೇಕು. ಅದಕ್ಕೂ ಹಿಂದೆ ಇನ್ನೊಂದು ಏರ್ಪಾಡಿತ್ತು. 1587ರಲ್ಲಿ ಪೋಪ್ 5ನೇ ಸಿಕ್ಸ್ಟಸ್ ಒಂದು ಹುದ್ದೆಯನ್ನೇ ಮಾಡಿದರು. ಸತ್ತವರ ತಪ್ಪುಗಳನ್ನು ಹುಡುಕಿ ಮುಂದಿಡುವುದು, ಪವಾಡ ಅಂದರೆ ಅನುಮಾನ ಪಡುವುದು, ಇದೇ ಅವರ ಕೆಲಸ. ಜನ ಅವರಿಗೆ 'ಸೈತಾನನ ವಕೀಲ' ಅಂತಲೇ ಹೆಸರಿಟ್ಟರು. 1983ರಲ್ಲಿ 2ನೇ ಜಾನ್ ಪಾಲ್ ಈ ವಿಧಾನವನ್ನು ಬದಲಾಯಿಸಿದರು. ಆದರೂ ವಿರುದ್ಧ ಮಾತು ಕೇಳುವುದು ನಿಲ್ಲಲಿಲ್ಲ. ಮದರ್ ತೆರೇಸಾ ಅವರಿಗೆ ಐದು ವರ್ಷದ ನಿಯಮ ಸಡಿಲಿಸಿದರು. ಅವರು ತೀರಿಕೊಂಡಿದ್ದು 1997ರಲ್ಲಿ, ವಿಚಾರಣೆ ಶುರುವಾಗಿದ್ದು 1999ರಲ್ಲಿ. ಆ ವಿಚಾರಣೆಯಲ್ಲಿ ಅವರನ್ನು ಕಟುವಾಗಿ ಟೀಕಿಸಿ ಬರೆದಿದ್ದ ಒಬ್ಬ ನಾಸ್ತಿಕ ಬರಹಗಾರರನ್ನೂ ಕರೆದು ಸಾಕ್ಷ್ಯ ತೆಗೆದುಕೊಂಡರು. ಅಷ್ಟಾದ ಮೇಲೆ 2016ರಲ್ಲಿ ಅವರು ಸಂತರಾದರು.

ಸಂತರನ್ನು ಮಾಡುವ ಸಂಸ್ಥೆಯೇ ಇಷ್ಟು ಹಿಂದೆ ಮುಂದೆ ನೋಡುತ್ತದೆ. ನಾವು ಟೀ ಲೋಟ ಕೆಳಗಿಡುವುದರೊಳಗೆ ಮಾಡಿ ಮುಗಿಸುತ್ತೇವೆ.

ಅಂತಿಮ ಪೂಜೆಗೆ ಮೊದಲು ಒಂದು ಇರುಸುಮುರುಸಾಯಿತು. ಅಣ್ಣ ಗುರುಗಳ ಹತ್ತಿರ, ಪೂಜೆಯ ನಡುವೆ ನೀವು ಮಾಡುವ ಪ್ರಬೋಧನೆಯಲ್ಲಿ ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದು ಕೇಳಿಕೊಂಡ. ಅವರು ಮೆತ್ತಗೆ, ಅದಕ್ಕೆ ಅವಕಾಶ ಇಲ್ಲ ಎಂದರು. ಅಣ್ಣನಿಗೆ ತುಂಬ ಬೇಜಾರಾಯಿತು. ಅಷ್ಟು ವರ್ಷ ಹೋದ ಚರ್ಚು, ಅಷ್ಟೂ ಆಗಲ್ವಾ? ಆಮೇಲೆ ನನಗೆ ತಿಳಿಯಿತು, ಅದು ಆ ಗುರುಗಳ ಹಟ ಆಗಿರಲಿಲ್ಲ. ಪೂಜೆಯ ನಿಯಮಾವಳಿಯಲ್ಲೇ ಹಾಗಿದೆ. ಶವಸಂಸ್ಕಾರದ ಪೂಜೆಯಲ್ಲಿ ಚಿಕ್ಕ ಪ್ರಬೋಧನೆ ಇರಲಿ, ಆದರೆ ಅದು ಸತ್ತವರ ಗುಣಗಾನ ಆಗಬಾರದು ಅಂತ. ಕೊನೆಯ ಬೀಳ್ಕೊಡುಗೆಗೆ ಮುಂಚೆ ಮನೆಯವರೊಬ್ಬರು ನೆನಪಿನ ಮಾತಾಡಬಹುದು. ಅಣ್ಣ ಎದ್ದು ನಿಂತ, ಎರಡು ವಾಕ್ಯ ಹೇಳಿದ, ಕೂತ. ಮೊದಲ ವಾಕ್ಯ ಅವಳ ಹೆಸರು. ಎರಡನೆಯದು ನಮಗಿಬ್ಬರಿಗೆ ಮಾತ್ರ ಗೊತ್ತಾಗುವಂಥದ್ದು, ಅದನ್ನು ಇಲ್ಲಿ ಹೇಳುವುದಿಲ್ಲ.

ಇಷ್ಟೆಲ್ಲ ನಿಯಮದ ಮಾತಾಯಿತು. ಇನ್ನು ಒಬ್ಬ ಮಗ ತನ್ನ ತಾಯಿಯನ್ನು ನೆನೆದ ಕಥೆ. ನನಗೆ ಅತ್ತಿಗೆಯನ್ನು ವಾಪಸ್ ಕೊಟ್ಟಿದ್ದು ಈ ಕಥೆಯೇ.

387ನೇ ಇಸವಿ. ರೋಮ್ ಹತ್ತಿರದ ಬಂದರು ಊರು ಓಸ್ತಿಯಾ. ಆಫ್ರಿಕಾದ ಮೋನಿಕಾ ಎಂಬ, 56ನೇ ವರ್ಷ ನಡೆಯುತ್ತಿದ್ದ ಹೆಂಗಸು ಮಗನ ಜೊತೆ ಊರಿಗೆ ವಾಪಸ್ ಹೋಗುವ ಹಡಗಿಗಾಗಿ ಕಾಯುತ್ತಿದ್ದಾಳೆ. ಜ್ವರ ಬಂತು, ಒಂಬತ್ತನೇ ದಿನ ತೀರಿಕೊಂಡಳು. ಮಗನ ಹೆಸರು ಅಗಸ್ಟೀನ್, ಆಗ 33ನೇ ವರ್ಷ ನಡೆಯುತ್ತಿತ್ತು. ಮುಂದೆ ಬಿಷಪ್ ಆದರು, ಸಂತರೂ ಆದರು. ಸುಮಾರು ಹತ್ತು ವರ್ಷದ ಮೇಲೆ ತಮ್ಮ ಆತ್ಮಕಥೆಯಲ್ಲಿ ತಾಯಿಯ ಬಗ್ಗೆ ಬರೆದರು. ಒಳ್ಳೆಯ ಮಾತು ಬೇಕಾದಷ್ಟಿವೆ. ಆದರೆ ಅದರ ನಡುವೆ ಏನು ಬರೆದಿದ್ದಾರೆ ಗೊತ್ತಾ? ಹುಡುಗಿಯಾಗಿದ್ದಾಗ ಅಮ್ಮ ಕದ್ದು ಕುಡಿಯುತ್ತಿದ್ದಳು ಅಂತ! ಪೀಪಾಯಿಯಿಂದ ದ್ರಾಕ್ಷಾರಸ ತರಲು ಕಳಿಸುತ್ತಿದ್ದರಂತೆ. ಮೊದಲು ತುಟಿ ಒದ್ದೆ ಮಾಡಿಕೊಳ್ಳುವಷ್ಟು. ದಿನಾ ಸ್ವಲ್ಪ ಸ್ವಲ್ಪ ಏರಿ, ಆಮೇಲೆ ಬಟ್ಟಲೇ ಖಾಲಿ. ಒಂದು ದಿನ ಮನೆಯ ಕೆಲಸದ ಹುಡುಗಿಗೂ ಇವಳಿಗೂ ಜಗಳವಾಯಿತು. ಸಿಟ್ಟಿನಲ್ಲಿ ಆ ಹುಡುಗಿ "ಕುಡುಕಿ" ಎಂದುಬಿಟ್ಟಳು. ಮೋನಿಕಾಳಿಗೆ ಆ ಮಾತು ಚುಚ್ಚಿತು, ಅಲ್ಲಿಗೇ ಬಿಟ್ಟಳು.

ಯೋಚನೆ ಮಾಡಿ. ಈ ಕಥೆ ಅವರಿಗೆ ಹೇಗೆ ಗೊತ್ತಾಯಿತು? ಮೋನಿಕಾಳೇ ಮಗನಿಗೆ ಹೇಳಿದ್ದಳು. ಅವರೇ ಹಾಗೆಂದು ಬರೆದಿದ್ದಾರೆ. ಆ ತಾಯಿ ಮಗ ಕೂತು ಆ ಮಾತಾಡಿಕೊಂಡ ಹೊತ್ತನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಕೊನೆಯಲ್ಲಿ ಅವರು ಇನ್ನೊಂದು ಕೆಲಸ ಮಾಡುತ್ತಾರೆ. ಅಮ್ಮನ ಒಳ್ಳೆಯ ಕೆಲಸಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಅವಳ ಪಾಪಗಳಿಗಾಗಿ ಬೇಡುತ್ತೇನೆ ಎಂದು ದೇವರಿಗೆ ಹೇಳುತ್ತಾರೆ. ಓದುವವರೂ ತನ್ನ ಅಪ್ಪ ಅಮ್ಮನನ್ನು ನೆನೆಯಲಿ ಎಂದು ಕೇಳುತ್ತಾರೆ. ಮೋನಿಕಾಳಿಗೆ ಮೊದಲು ಗಂಡನ ಪಕ್ಕದಲ್ಲೇ ಮಣ್ಣಾಗಬೇಕು ಅಂತ ಆಸೆಯಿತ್ತು, ಜಾಗವನ್ನೂ ಮಾಡಿಟ್ಟುಕೊಂಡಿದ್ದಳು. ಸಾಯುವಾಗ ಮಕ್ಕಳಿಗೆ ಹೇಳಿದ್ದು ಬೇರೆ. ಈ ದೇಹವನ್ನು ಎಲ್ಲಾದರೂ ಹೂಳಿ, ನೀವು ಎಲ್ಲೇ ಇದ್ದರೂ ದೇವರ ಪೀಠದ ಮುಂದೆ ನನ್ನನ್ನು ನೆನೆಯಿರಿ, ಅಷ್ಟು ಸಾಕು. ಈಗ ಅವಳು ಸಂತ ಮೋನಿಕಾ, ಹಬ್ಬ ಆಗಸ್ಟ್ 27ಕ್ಕೆ, ಮಗನ ಹಬ್ಬ ಮರುದಿನ. ಅಂದರೆ ಒಂದನೇ ತಾರೀಖಿಗೆ ಹೋದವಳನ್ನೂ ಅವಳ ಮಗ ಎರಡನೇ ತಾರೀಖಿನವಳ ಹಾಗೇ ನೆನೆದ.

ಇದನ್ನು ಓದಿದ ರಾತ್ರಿ ನನಗೆ ಅತ್ತಿಗೆ ಸಿಕ್ಕಿದಳು. ಸಿಕ್ಕಿದ್ದು ನಮ್ಮ ದೊಡ್ಡ ಜಗಳದ ಮೂಲಕ.

ನನ್ನ ಅಮ್ಮ ತೀರಿಕೊಂಡ ಹದಿನೈದು ದಿನಕ್ಕೆ ಅತ್ತಿಗೆ ಅಮ್ಮನ ಬೀರು ಖಾಲಿ ಮಾಡಿದಳು. ಬಟ್ಟೆ, ಶಾಲು, ಕನ್ನಡಕದ ಡಬ್ಬಿಯವರೆಗೆ ಎಲ್ಲ. ಇಲ್ಲದವರಿಗೆ ಕೊಟ್ಟಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಬಂದು ನೋಡಿದಾಗ ಬೀರುವಿನಲ್ಲಿ ಹಾಸಿದ್ದ ಹಳೇ ಪೇಪರ್ ಮಾತ್ರ ಇತ್ತು. ನಾನು ಏನೇನೋ ಅಂದೆ. ನಿನ್ನ ಅಮ್ಮ ಆಗಿದ್ದರೆ ಹೀಗೆ ಮಾಡುತ್ತಿದ್ದೆಯಾ ಎಂದೂ ಅಂದೆ. ಏಳು ತಿಂಗಳು ಮಾತು ಬಿಟ್ಟೆವು. ಅಣ್ಣ ನಡುವೆ ಸಿಕ್ಕಿಕೊಂಡು ಒದ್ದಾಡಿದ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಚರ್ಚಿಗೆ ಉಟ್ಟಿದ್ದ ಬಟ್ಟೆಯಲ್ಲೇ ನಿಂತಿದ್ದಾಳೆ. ಇಷ್ಟು ಬೇಗ ಪೂಜೆ ಮುಗಿಯುವುದಿಲ್ಲ ಅಂತ ನನಗೆ ಗೊತ್ತು. "ಅರ್ಧಕ್ಕೇ ಎದ್ದು ಬಂದೆ" ಎಂದಳು. ಬೈಬಲಿನ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಯೇಸು ಹೇಳುವ ಮಾತೊಂದಿದೆ. ಕಾಣಿಕೆ ಕೊಡಲು ಪೀಠದ ಹತ್ತಿರ ಬಂದಾಗ ನಿನ್ನ ಮೇಲೆ ನಿನ್ನ ಸಹೋದರನಿಗೆ ಏನೋ ಬೇಸರವಿದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ರಾಜಿಯಾಗು, ಆಮೇಲೆ ಬಾ ಅಂತ. ಅವಳಿಗೆ ಕಾಣಿಕೆಯ ಹೊತ್ತಿಗೆ ಸರಿಯಾಗಿ ನನ್ನ ಮುಖ ನೆನಪಾಯಿತಂತೆ. "ತಪ್ಪು ಮಾಡಿದೆ. ಕೇಳ್ಬೇಕಿತ್ತು" ಎಂದಳು. ನನ್ನ ಕಣ್ಣು ತುಂಬಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳು ಅತ್ತಿಗೆ ಆಗುತ್ತಿರಲಿಲ್ಲ. "ಆದ್ರೆ ನೀನೂ ಏನು ಕಮ್ಮಿ ಮಾತಾಡಲಿಲ್ಲ. ಈಗ ನಿನ್ನ ಸರದಿ" ಎಂದು ಕೈಕಟ್ಟಿ ನಿಂತಳು.

ಬೀರು ಖಾಲಿ ಮಾಡಿದವಳನ್ನು ಬಿಟ್ಟರೆ ಬಾಗಿಲಲ್ಲಿ ನಿಂತವಳೂ ಇಲ್ಲ. ಆ ಸಂಜೆ ನಮ್ಮ ಮನೆಗೆ ಬಂದವರಿಗೆ ಈ ಕಥೆ ಗೊತ್ತಿರಲಿಲ್ಲ, ಅವರದೇನೂ ತಪ್ಪಿಲ್ಲ. ಗೊತ್ತಿದ್ದ ನಾನು ಯಾಕೆ ಸುಮ್ಮನಿದ್ದೆ ಅನ್ನುವುದು ನನ್ನ ಪ್ರಶ್ನೆ.

ವಿಷಯ ಬಿಟ್ಟು ಸ್ವಲ್ಪ ಆಚೆ ಹೋಗುತ್ತೇನೆ. ಸಮಾಧಾನ ಹೇಳುವವರ ಬಗ್ಗೆ ಒಂದು ತಕರಾರಿದೆ. "ಅಳಬೇಡಿ, ಅವರು ದೇವರ ಹತ್ತಿರ ಇದ್ದಾರೆ, ನಂಬಿಕೆ ಇದ್ದವರು ಅಳಬಾರದು." ಇದನ್ನು ಅಣ್ಣನಿಗೆ ಎಷ್ಟು ಜನ ಹೇಳಿದರೋ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆದು ನೋಡಿ. ಯೇಸುವಿನ ಸ್ನೇಹಿತ ಲಾಜರ ಸತ್ತು ನಾಲ್ಕು ದಿನವಾಗಿದೆ. ಅವನ ಅಕ್ಕಂದಿರು ಮಾರ್ಥ, ಮರಿಯ. ಯೇಸು ತಡವಾಗಿ ಬರುತ್ತಾನೆ. ಇಬ್ಬರೂ ಬೇರೆ ಬೇರೆಯಾಗಿ ಬಂದು ಹೇಳುವುದು ಒಂದೇ ಮಾತು. ನೀನು ಇಲ್ಲಿ ಇದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ. ಅದು ಪ್ರಾರ್ಥನೆ ಎನ್ನುತ್ತೀರೋ, ಜಗಳ ಎನ್ನುತ್ತೀರೋ? ಯೇಸು ಅವರಿಗೆ ಬೈಯುವುದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ತಾನೇ ಎಬ್ಬಿಸುತ್ತೇನೆ ಅಂತ ಅವನಿಗೆ ಗೊತ್ತಿದೆ. ಆದರೂ ಅಲ್ಲಿ ಬರೆದಿರುವುದು ಮೂರೇ ಪದ: "ಯೇಸು ಕಣ್ಣೀರು ಬಿಟ್ಟನು." ಮೊದಲ ಕಾಲದ ಬೋಧಕ ಪೌಲ ಥೆಸಲೋನಿಕ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲೂ ಅಳಲೇಬೇಡಿ ಅನ್ನುವುದಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅನ್ನುತ್ತಾನೆ. ಎರಡಕ್ಕೂ ತುಂಬ ವ್ಯತ್ಯಾಸ ಇದೆ, ಅಲ್ವಾ? ಕನ್ನಡದಲ್ಲಂತೂ ನೆನೆಯುವುದು ಅಂದರೆ ಒದ್ದೆಯಾಗುವುದೂ ಹೌದು.

ಅವಳ ಕಾಯಿಲೆಯ ದಿನಗಳನ್ನು ಬೇಗ ದಾಟಿಬಿಡುತ್ತೇನೆ. ಹನ್ನೊಂದು ತಿಂಗಳು. ಕೊನೆಯ ಎರಡು ತಿಂಗಳು ಅವಳಿಗೆ ಜಪಸರ ಹಿಡಿದು ಎಣಿಸಲು ಆಗುತ್ತಿರಲಿಲ್ಲ, ಬೆರಳು ನಡುಗುತ್ತಿತ್ತು. ಜಪಸರದಲ್ಲಿ 59 ಮಣಿ. 53 ಚಿಕ್ಕ ಪ್ರಾರ್ಥನೆಗೆ, ಅಂದರೆ ಮರಿಯಮ್ಮನಿಗೆ. 6 'ಪರಲೋಕದಲ್ಲಿರುವ ನಮ್ಮ ತಂದೆಯೇ'ಗೆ. ನನಗೆ ಹೇಗೆ ಗೊತ್ತು ಅಂದರೆ, ಆ ಎರಡು ತಿಂಗಳು ಎಣಿಸಿದವಳು ನಾನು. ಅವಳ ತುಟಿ ಆಡುತ್ತಿತ್ತು, ನಾನು ಮಣಿ ಸರಿಸುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ನನಗೆ ಇದರಲ್ಲಿ ನಂಬಿಕೆ ಇಲ್ಲ, ಹೀಗೆ ಎಣಿಸಿದರೆ ನಡೆಯುತ್ತಾ? "ನಂಬೋ ಕೆಲಸ ನಂದು. ನೀನು ತಪ್ಪಿಲ್ಲದ ಹಾಗೆ ಎಣಿಸು" ಎಂದಳು. ನಡುವೆ ನಿದ್ದೆ ಹೋಗುತ್ತಿದ್ದಳು. ನಾನು ಆ ಮಣಿಯನ್ನೇ ಹಿಡಿದು ಕೂರುತ್ತಿದ್ದೆ. ಎದ್ದ ಮೇಲೆ ಎಲ್ಲಿಗೆ ಬಂದಿದ್ವಿ ಎಂದು ಕೇಳುತ್ತಿದ್ದಳು.

ಹಿಂದಿನ ಸಾಲಿನಲ್ಲಿ ಒಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ. ನಿಮ್ಮ ತಕರಾರು ನನಗೆ ಗೊತ್ತು. ಎಲ್ಲ ಕ್ರೈಸ್ತರೂ ಹೀಗೆ ಮಾಡುವುದಿಲ್ಲ. ನಿಜ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚಿನವರು ಸತ್ತವರಿಗಾಗಿ ಬೇಡುವುದಿಲ್ಲ, ಅವರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಹೇಳುತ್ತಾರೆ. ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಮೂರು, ಒಂಬತ್ತು, ನಲವತ್ತನೆಯ ದಿನಗಳ ಪ್ರಾರ್ಥನೆ ಇದೆ. ನಾನು ಅತ್ತಿಗೆಯ ಮೂಲಕ ಕಂಡಷ್ಟನ್ನು ಮಾತ್ರ ಹೇಳುತ್ತಿದ್ದೇನೆ.

ಆದರೆ ಹೆಸರಿನ ವಿಷಯ ಹೇಳದೆ ಮುಗಿಸಲಾರೆ. ಹಳೆಯ ಕಾಲದ ಚರ್ಚುಗಳಲ್ಲಿ ಪುಸ್ತಕದ ಹಾಗೆ ಮಡಚುವ ಎರಡು ಹಲಗೆ ಇರುತ್ತಿತ್ತು. ಬದುಕಿರುವವರ, ಸತ್ತವರ ಹೆಸರುಗಳನ್ನು ಅದರಲ್ಲಿ ಬರೆದು ಪೂಜೆಯಲ್ಲಿ ಓದುತ್ತಿದ್ದರು. ಜಗಳವಾದರೆ ಹೆಸರು ತೆಗೆಯುತ್ತಿದ್ದರು ಕೂಡ. ಕಾನ್‌ಸ್ಟಾಂಟಿನೋಪಲಿನ ಬಿಷಪ್ ಜಾನ್ ಕ್ರಿಸೊಸ್ಟಮ್ 407ರಲ್ಲಿ ಗಡೀಪಾರಾಗಿದ್ದಾಗಲೇ ತೀರಿಕೊಂಡರು. ವರ್ಷಗಳ ಕಾಲ ಅವರ ಹೆಸರು ಅವರದೇ ಊರಿನ ಹಲಗೆಯಲ್ಲಿ ಇರಲಿಲ್ಲ, ಆಮೇಲೆ ಸೇರಿಸಿದರು. ಇವತ್ತಿಗೂ ಪೂಜೆಯ ಮುಖ್ಯ ಪ್ರಾರ್ಥನೆಗಳಲ್ಲಿ ಹಳೆಯದೊಂದರಲ್ಲಿ, ಸತ್ತವರನ್ನು ನೆನೆಯುವ ಕಡೆ ಹೆಸರು ಹೇಳಲಿಕ್ಕೆ ಅಂತ ಜಾಗ ಬಿಟ್ಟಿದೆ.

ಅತ್ತಿಗೆಯ ಪ್ರಾರ್ಥನೆ ಪುಸ್ತಕದಲ್ಲೂ ಇಂಥದ್ದೊಂದು ಚೀಟಿ ಇತ್ತು. ಮಡಚಿ ಮಡಚಿ ಅಂಚು ಹರಿದಿತ್ತು. ಹನ್ನೊಂದು ಹೆಸರು. ಅವಳ ಅಪ್ಪ ಅಮ್ಮ ಮೊದಲು. ನನ್ನ ಅಪ್ಪ ಅಮ್ಮ ಅವರ ಕೆಳಗೆ. ಅಮ್ಮನ ಹೆಸರಿನ ಶಾಯಿ ಬೇರೆ. ನಾವು ಮಾತು ಬಿಟ್ಟಿದ್ದ ಆ ಏಳು ತಿಂಗಳಲ್ಲೇ ಬರೆದಿರಬೇಕು, ತಾರೀಖು ಹಾಕಿದ್ದಾಳೆ. ಅವಳಿಂದ ಸಾಲ ತೆಗೆದುಕೊಂಡು ವಾಪಸ್ ಕೊಡದೆ ಸತ್ತ ಒಬ್ಬರ ಹೆಸರೂ ಇದೆ. ಸಾಲದ ಪುಸ್ತಕದಲ್ಲಿ ಅವರ ಲೆಕ್ಕ ಹೊಡೆದು ಹಾಕಿಲ್ಲ, ಅದು ಬೇರೆ ಮಾತು. ಹನ್ನೊಂದನೆಯ ಹೆಸರು ಮಾತ್ರ ನಮಗೆ ಯಾರಿಗೂ ಗೊತ್ತಿಲ್ಲ. ಅಣ್ಣನಿಗೆ ಗೊತ್ತಿಲ್ಲ. ಅವಳ ತಂಗಿಯನ್ನು ಕೇಳಿದೆವು, ಹಳೆಯ ಸ್ನೇಹಿತೆಯರನ್ನು ಕೇಳಿದೆವು. ಒಂದೇ ಪದದ ಹೆಸರು. ಗಂಡಸೋ ಹೆಂಗಸೋ ಅಂತಲೂ ಹೇಳಲಾಗದಂಥ ಹೆಸರು.

ಹೋದ ನವೆಂಬರ್ ಎರಡಕ್ಕೆ ನಾನೂ ಅಣ್ಣನೂ ಚರ್ಚಿಗೆ ಹೋದೆವು. ನೆನೆಯಬೇಕಾದವರ ಹೆಸರು ಬರೆದು ಕೊಡಬೇಕು. ಅಣ್ಣ ಚೀಟಿಯನ್ನು ಹೊಸ ಹಾಳೆಗೆ ಇಳಿಸಿದ, ಹನ್ನೆರಡನೆಯದಾಗಿ ಅವಳ ಹೆಸರು ಸೇರಿಸಿದ. ಗುರುಗಳು ಒಮ್ಮೆ ಮೇಲಿಂದ ಕೆಳಗೆ ಓದಿಕೊಂಡರು. ಹನ್ನೊಂದನೆಯದರ ಮೇಲೆ ಬೆರಳಿಟ್ಟು, "ಇವರು ಯಾರು?" ಎಂದು ಕೇಳಿದರು.

"ಗೊತ್ತಿಲ್ಲ ಫಾದರ್. ಅವಳ ಚೀಟಿಯಲ್ಲಿತ್ತು."

ಅವರು ಇನ್ನೊಂದು ಸಲ ನೋಡಿದರು. ಕನ್ನಡಕ ಸರಿಮಾಡಿಕೊಂಡು ಆ ಹೆಸರನ್ನು ಮೆಲ್ಲಗೆ ಎರಡು ಸಲ ಹೇಳಿ ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ಹೀಗೇ ತಾನೇ ಹೇಳೋದು?"